ಪಿ.ಜೆ. ಬಡಾವಣೆಯ ಫಾರ್ಮೇಶನ್ ಹಾರಾಟ ತರಗತಿ: ಎರಡು ದಿನದ ಅನುಭವ

ವಿಮಾನ ನಿಲ್ದಾಣವೇ ಇಲ್ಲದ ದಾವಣಗೆರೆಯಲ್ಲಿ ಜೋಡಿ ವಿಮಾನ ಹಾರಿಸುವುದನ್ನು ಕಲಿಸುತ್ತಾರೆ ಎಂದು ಚಿತ್ರದುರ್ಗದ ಸ್ನೇಹಿತರು ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಪಿ.ಜೆ. ಬಡಾವಣೆಯ ಮನೆಯೊಂದರ ಮೊದಲ ಮಹಡಿಯಲ್ಲಿ, ಪರದೆಯ ಮೇಲೆ ಹಾರಾಟವನ್ನು ಅನುಕರಿಸುವ ಎರಡು ಸಿಮ್ಯುಲೇಟರ್‌ಗಳನ್ನು ಒಂದಕ್ಕೊಂದು ಜೋಡಿಸಿಟ್ಟುಕೊಂಡು, ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ನಡೆಸುವ ಈ ತರಗತಿಗೆ ತಲಾ 6,000 ರೂಪಾಯಿ ಶುಲ್ಕ. ಬಹಳ ಹಿಂದೆ ಜಕ್ಕೂರಿನಲ್ಲಿ ಖಾಸಗಿ ಪೈಲಟ್ ಪರವಾನಗಿ ಪಡೆದಾಗ ಇನ್ನೊಂದು ವಿಮಾನದಿಂದ ದೂರವಿರುವುದನ್ನಷ್ಟೇ ಕಲಿತಿದ್ದ ನನಗೆ, ಬೇಕೆಂದೇ ಹತ್ತಿರ ಹೋಗುವ ವಿದ್ಯೆಯ ಬಗ್ಗೆ ಕುತೂಹಲವಿತ್ತು.

ಮೊದಲ ದಿನ ಮಧ್ಯಾಹ್ನದವರೆಗೆ ಯಂತ್ರ ಮುಟ್ಟಲು ಬಿಡಲಿಲ್ಲ. ಥರ್ಮೋಕೋಲಿನ ವಿಮಾನ ಕೈಯಲ್ಲಿ ಹಿಡಿದು, ಸ್ನೇಹಿತರು ಲೀಡರ್ ಆಗಿ ಮುಂದೆ, ನಾನು ವಿಂಗ್‌ಮನ್ ಆಗಿ ಓರೆಯಲ್ಲಿ ಹಿಂದೆ, ತಾರಸಿಯ ಮೇಲೆ ಸುತ್ತು ಹಾಕಬೇಕಿತ್ತು. ನನ್ನ ಕಣ್ಣು ಮತ್ತೆ ಮತ್ತೆ ನೆಲಕ್ಕೆ ಇಳಿಯುತ್ತಿತ್ತು. "ಕಾಲು ನೋಡ್ಬೇಡಿ ಸರ್, ಅವರ ರೆಕ್ಕೆ ನೋಡಿ, ದಾರಿ ಅವರು ನೋಡ್ಕೋತಾರೆ" ಎಂದರು ಗುರುಗಳು. ಹಾಗೆಯೇ ನೋಡುತ್ತಾ ನಡೆದೆ. ಸ್ನೇಹಿತರು ತಮಗೆ ಜಾಗವಿದೆಯೆಂದು ತಿರುಗಿದರು. ಬಟ್ಟೆ ಒಣಹಾಕುವ ತಂತಿ ನನ್ನ ಕೊರಳಿಗೆ ಬಂತು. ಗುರುಗಳು ಬೈದದ್ದು ನನ್ನನ್ನಲ್ಲ, ಅವರನ್ನು. ಮೋಡ, ಗುಡ್ಡ, ಇಂಧನ ಎಲ್ಲವನ್ನೂ ಇಬ್ಬರ ಪರವಾಗಿ ಲೆಕ್ಕ ಹಾಕುವವನು ಲೀಡರ್ ಎಂಬುದು ನಮ್ಮಿಬ್ಬರಿಗೂ ಆ ತಂತಿಯಿಂದಲೇ ಮನದಟ್ಟಾಯಿತು.

ಯಂತ್ರದ ಮುಂದೆ ಕುಳಿತ ಮೇಲೆ ಪಾಠವೆಲ್ಲ ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿಕೆ, ಹಿಡಿದ ಕೈಯದು. ಲೀಡರ್ ವಿಮಾನದ ಎರಡು ಗುರುತುಗಳನ್ನು, ಉದಾಹರಣೆಗೆ ರೆಕ್ಕೆಯ ತುದಿಯ ದೀಪ ಮತ್ತು ಮೂತಿಯಲ್ಲಿ ಪ್ರೊಪೆಲ್ಲರಿನ ನಡುವಿರುವ ಚೂಪು ಮುಚ್ಚಳವಾದ ಸ್ಪಿನ್ನರ್ ಅನ್ನು, ಒಂದೇ ಗೆರೆಯಲ್ಲಿ ಕಾಣುವಂತೆ ಇಟ್ಟುಕೊಂಡರೆ ನಾವು ಸರಿಯಾದ ಓರೆಯಲ್ಲಿದ್ದೇವೆ ಎಂದರ್ಥ. ಹೇಳಲು ಇಷ್ಟೇ. ಆದರೆ ವೇಗದಲ್ಲಿ 3 ನಾಟ್ (ಗಂಟೆಗೆ ಸುಮಾರು 5.5 ಕಿ.ಮೀ.) ವ್ಯತ್ಯಾಸವಾದರೂ 10 ಸೆಕೆಂಡಿಗೆ ಸುಮಾರು 15 ಮೀಟರ್ ಸರಿದುಹೋಗುತ್ತೇವೆ. ನಾವು ಹಾರಿಸುತ್ತಿದ್ದ ಪುಟ್ಟ ವಿಮಾನ ಸೆಸ್ನಾ 172ರ ರೆಕ್ಕೆಯ ಅಗಲವೇ ತುದಿಯಿಂದ ತುದಿಗೆ ಸುಮಾರು 11 ಮೀಟರ್. ಆದ್ದರಿಂದ ಹಿಂದೆ ಬಿದ್ದಾಗ ಥ್ರಾಟಲ್ಲನ್ನು ಕೂದಲೆಳೆಯಷ್ಟು ಕೊಟ್ಟು, ಜಾಗ ಸೇರುವ ಮೊದಲೇ ಹಿಂತೆಗೆದು, ಅನಂತರ ನಿಲ್ಲಿಸುವಷ್ಟು ಮತ್ತೆ ಕೊಡಬೇಕು. ನಾನಂತೂ ಮೊದಲ ಗಂಟೆಯಿಡೀ ತೊಟ್ಟಿಲು ತೂಗಿದಂತೆ ಹಿಂದೆ ಮುಂದೆ ಆಡುತ್ತಿದ್ದೆ.

ವೇಗವಾಗಿ ಬಂದು ಲೀಡರನ್ನು ದಾಟುವಂತಾದಾಗ ಏನು ಮಾಡಬೇಕೆಂಬುದಕ್ಕೆ ಒಂದು ಸಂಜೆಯನ್ನೇ ಮೀಸಲಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಗಾಬರಿಯಲ್ಲಿ ಹೊರಕ್ಕೆ ವಾಲಿಸಿದರೆ ನಮ್ಮ ವಿಮಾನದ ಹೊಟ್ಟೆಯೇ ಅಡ್ಡವಾಗಿ ಲೀಡರ್ ಮರೆಯಾಗುತ್ತಾನೆ. ರೆಕ್ಕೆ ಸಮವಾಗಿಟ್ಟು, ಅವನನ್ನು ಕಣ್ಣಿಂದ ಬಿಡದೆ, ಅವನ ಕೆಳಗೆ, ಹಿಂಬದಿಯಿಂದ ಆಚೆ ಪಕ್ಕಕ್ಕೆ ಜಾರಿಕೊಳ್ಳಬೇಕು. 1996ರಲ್ಲಿ ಬೀದರ್‌ನಲ್ಲಿ ಆರಂಭವಾದ, ವಾಯುಪಡೆಯ ಪ್ರದರ್ಶನ ಹಾರಾಟದ ಸೂರ್ಯಕಿರಣ ತಂಡದಂಥವರ ಎರಡು ವಿಮಾನಗಳೇ 2019ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ ತಾಲೀಮಿನ ವೇಳೆ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡದ್ದು ನೆನಪಿರುವವರಿಗೆ ಈ ಪಾಠ ಅತಿಯೆನಿಸದು.

ಇನ್ನು ಕೊರತೆಗಳು. ಮೊದಲ ದಿನ ಕೊಟ್ಟದ್ದು ಸೆಸ್ನಾ. ರೆಕ್ಕೆ ತಲೆಯ ಮೇಲಿರುವ ವಿಮಾನದಲ್ಲಿ ಲೀಡರಿಗಿಂತ ತುಸು ಕೆಳಗಿದ್ದರೆ ನಮ್ಮ ರೆಕ್ಕೆಯೇ ಅವನನ್ನು ಮರೆಮಾಡುತ್ತದೆ. ಕೇಳಿಕೊಂಡ ಮೇಲೆ ಎರಡನೆಯ ದಿನ ಕೆಳರೆಕ್ಕೆಯ ಆರ್‌ವಿ-10 ಕೊಟ್ಟರು. ಯುಪಿಎಸ್ ಒಂದೇ ಯಂತ್ರಕ್ಕಿದೆ, ಅದೂ ನನ್ನದಕ್ಕೆ. ಕರೆಂಟ್ ಹೋದಾಗ ಲೀಡರ್ ಆಕಾಶದಲ್ಲೇ ಮಾಯವಾದರು. "ಮೋಡದೊಳಗೆ ಹೀಗೇ ಆಗೋದು, ಈಗೇನು ಮಾಡ್ತೀರಿ?" ಎಂದು ಗುರುಗಳು ಅದನ್ನೂ ಪಾಠ ಮಾಡಿದರಾದರೂ, ಮುಕ್ಕಾಲು ಗಂಟೆ ವ್ಯರ್ಥವಾದದ್ದು ವ್ಯರ್ಥವೇ. ಎಲ್ಲಕ್ಕಿಂತ ಮುಖ್ಯವಾಗಿ, ಚಪ್ಪಟೆ ಪರದೆಯ ಮೇಲೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ, ಮುಂದಿನ ವಿಮಾನ ಕದಡಿದ ಗಾಳಿಯ ಕುಲುಕಾಟವೂ ಇಲ್ಲಿ ತಿಳಿಯುವುದಿಲ್ಲ.

ಪರವಾನಗಿ ಇದ್ದು, ಮುಂದೆ ನಿಜವಾದ ಬೋಧಕರೊಡನೆ ಇದನ್ನು ಕಲಿಯುವ ಯೋಚನೆಯಿರುವವರು ಜೋಡಿಯಾಗಿ ಹೋಗುವುದಾದರೆ ಈ ಹಣ ದಂಡವಲ್ಲ. ರಜೆಯಲ್ಲಿ ಮಕ್ಕಳನ್ನು ಆಟಕ್ಕೆ ಕರೆದೊಯ್ಯುವ ಜಾಗ ಇದಲ್ಲ. ಕೊನೆಗೆ ಕೊಟ್ಟ ಪ್ರಮಾಣಪತ್ರದಲ್ಲಿ 'ಫಾರ್ಮೇಶನ್ ಹಾರಾಟ ತರಬೇತಿ' ಎಂದಷ್ಟೇ ಇತ್ತು. ಅದನ್ನು ನಂಬಿ ಯಾರಾದರೂ ನನ್ನ ಪಕ್ಕದಲ್ಲಿ ಹಾರಿಯಾರು ಎಂದು ಆಕ್ಷೇಪಿಸಿದಾಗ, ಗುರುಗಳು ಮರುಮಾತಿಲ್ಲದೆ ಪೆನ್ನು ತೆಗೆದು 'ಸಿಮ್ಯುಲೇಟರ್‌ನಲ್ಲಿ' ಎಂದು ಸೇರಿಸಿ, ಪಕ್ಕದಲ್ಲಿ ಸಹಿ ಹಾಕಿಕೊಟ್ಟರು.