ಕಪ್ಪುದ್ರವ್ಯದ ಬೇಟೆ: ಕಳೆದ ಶಕ್ತಿಯ ಲೆಕ್ಕವೋ, ಬಿದ್ದ ಪೆಟ್ಟಿನ ಗುರುತೋ?

ಕಣಪುಂಜದಿಂದ ಹಗುರ ಕಪ್ಪುದ್ರವ್ಯ (ಬೆಳಕು ಸೂಸದ, ಕಣ್ಣಿಗೆ ಕಾಣದ ದ್ರವ್ಯ) ಹುಡುಕುವ ಸಂಶೋಧನೆಗೆ ಇಳಿಯುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎನ್‌ಎ64 ಪ್ರಯೋಗ ಅಂಗಡಿಯ ಖಾತೆ ಪುಸ್ತಕದಂತೆ. 100 ಗಿಗಾ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ಶಕ್ತಿಯ ಅಳತೆ) ಶಕ್ತಿಯ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎಣಿಸಿ ಒಳಬಿಡುತ್ತಾರೆ. ಸೀಸ ಮತ್ತು ಸಿಂಟಿಲೇಟರ್ (ಕಣ ಹಾಯ್ದರೆ ಮಿನುಗುವ ವಸ್ತು) ಪದರಗಳಲ್ಲಿ 50 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಡಿಮೆ ಶಕ್ತಿ ದಾಖಲಾಗಿ, ಅವುಗಳ ಹಿಂಬದಿಯ ಉಪಕರಣಗಳೂ ಮೌನವಾಗಿದ್ದರೆ, ಉಳಿದದ್ದನ್ನು ಯಾರೋ ಹೊತ್ತೊಯ್ದಂತೆ. 2016ರಿಂದ 2022ರವರೆಗೆ ಸುಮಾರು 94 ಸಾವಿರ ಕೋಟಿ ಎಲೆಕ್ಟ್ರಾನುಗಳನ್ನು ಜಾಲಾಡಿದರೂ ಕಳ್ಳ ಸಿಕ್ಕಿಲ್ಲ.

ಅಮೆರಿಕದ ಪ್ರಯೋಗಾಲಯ ಫರ್ಮಿಲ್ಯಾಬ್‌ನ ಮಿನಿಬೂನ್ ಪ್ರಯೋಗ 2013-14ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಪ್ರೋಟಾನುಗಳನ್ನು ಉಕ್ಕಿನ ರಾಶಿಗೆ ಬಡಿದು, ಸುಮಾರು 490 ಮೀಟರ್ ಆಚೆ 800 ಟನ್ ಖನಿಜ ತೈಲದ ಗೋಳದಲ್ಲಿ ಪೆಟ್ಟಿಗಾಗಿ ಕಾಯುವುದು. ಇಲ್ಲಿ ಕಪ್ಪುದ್ರವ್ಯದ ಕಣ ಹುಟ್ಟಬೇಕು, ಮತ್ತೆ ಡಿಕ್ಕಿಯೂ ಹೊಡೆಯಬೇಕು. ಸಾಮಾನ್ಯ ದ್ರವ್ಯದೊಡನೆ ಅದಕ್ಕಿರುವ ದುರ್ಬಲ ನಂಟು ಎರಡು ಬಾರಿ ಕೈಹಿಡಿಯಬೇಕು. ಸಾಲದ್ದಕ್ಕೆ ಅಂಥದೇ ಪೆಟ್ಟು ಕೊಡಬಲ್ಲ ನ್ಯೂಟ್ರಿನೊ ಎಂಬ ಹಗುರ ಕಣಗಳ ಕಾಟ. ಅಲ್ಲಿಯೂ ಬರಿಗೈ.

ಸೂಕ್ಷ್ಮತೆ ಬೇಕೆನ್ನುವವರಿಗೆ ನನ್ನ ಮತ ಮೊದಲನೆಯದಕ್ಕೆ. ಆದರೆ ಅದು ತೋರಿಸುವುದು ಖಾಲಿ ಜಾಗವನ್ನಷ್ಟೇ. ಕಣ ಬಂದು ತಟ್ಟಿದ ಗುರುತನ್ನೇ ಕಾಣಬೇಕೆನ್ನುವ ಹಟವಿದ್ದರೆ ಎರಡನೆಯದು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಸಿಸಿಎಂ ಪ್ರಯೋಗ ದ್ರವ ಆರ್ಗಾನ್ ಬಳಸಿ ಹಿಡಿದಿರುವುದೂ ಇದೇ ದಾರಿ.