ಕಾಯಿಲೆ ಬಿಟ್ಟ ಮೇಲೆ ತೂಕ, ಕಸುವು: ಯಾವ ದಾರಿಯಿಂದ ಎಷ್ಟು?

ಹಾಸಿಗೆ ಹಿಡಿದಾಗ ಇಳಿದ ಐದು ಕಿಲೋ ಬರೀ ಕೊಬ್ಬಲ್ಲ. ಅದರಲ್ಲಿ ತೊಡೆ, ಸೊಂಟದ ಸ್ನಾಯುವಿನ ಪಾಲೂ ದೊಡ್ಡದೇ. ಯಾವ ರೋಗವೂ ಇಲ್ಲದ ವಯಸ್ಸಾದವರು ಹತ್ತು ದಿನ ಸುಮ್ಮನೆ ಮಲಗಿದ್ದರೂ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕಿಲೋ ಸ್ನಾಯು ಕರಗುತ್ತದೆ. ಮತ್ತೆ ತಿನ್ನತೊಡಗಿದಾಗ ಕೊಬ್ಬು ಕರೆಯದೆಯೇ ಬರುತ್ತದೆ. ಸ್ನಾಯುವಿಗೆ ಪ್ರೋಟೀನೂ ಬೇಕು, ಮೈಮೇಲೆ ಭಾರವೂ ಬೀಳಬೇಕು. ಆದ್ದರಿಂದ ಇಲ್ಲಿ ಪ್ರತಿ ದಾರಿಗೂ ಎರಡು ಪ್ರಶ್ನೆ: ತೂಕಕ್ಕೆ ಎಷ್ಟು, ಕಸುವಿಗೆ ಎಷ್ಟು?

ಹೋಲಿಕೆಗೆ ಮೊದಲು ಒಂದು ಎಚ್ಚರಿಕೆ. ಐದು ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಏನೂ ಸೇರಿಲ್ಲದವರು, ಮೂರರಿಂದ ಆರು ತಿಂಗಳಲ್ಲಿ ಮೈತೂಕದ ಶೇ. 15ಕ್ಕಿಂತ ಹೆಚ್ಚು ಇಳಿದವರು ಮುಂದೆ ಹೇಳುವ ದಾರಿಗಳಲ್ಲಿ ಯಾವುದನ್ನೂ ತಾವಾಗಿ ಶುರು ಮಾಡಬಾರದು. ಉಪವಾಸಕ್ಕೆ ಒಗ್ಗಿದ ಮೈಗೆ ಒಮ್ಮೆಲೇ ಪಿಷ್ಟ, ಸಕ್ಕರೆ ಸುರಿದರೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ತೀರಾ ಇಳಿದು ಹೃದಯದ ಬಡಿತವೇ ತಪ್ಪಬಹುದು. ಇಂಥವರಿಗೆ ರಕ್ತಪರೀಕ್ಷೆ ಮಾಡುತ್ತಾ, ಥಯಮಿನ್ (ವಿಟಮಿನ್ ಬಿ1) ಕೊಟ್ಟು, ವೈದ್ಯರ ಕಣ್ಗಾವಲಿನಲ್ಲೇ ಅರೆಹೊಟ್ಟೆಯಿಂದ ಮೇಲೇರಿಸಬೇಕು.

ಮೂರು ಹೊತ್ತು ದೊಡ್ಡ ಊಟವೋ, ಆರು ಸಲ ಸಣ್ಣದೋ?

ಮೊದಲ ಎರಡು ಮೂರು ವಾರ ಸಣ್ಣದೇ ಸರಿ, ಇದರಲ್ಲಿ ಹೆಚ್ಚು ವಾದವಿಲ್ಲ. ತುಂಬಿದ ತಟ್ಟೆ ಕಂಡೇ ಹಸಿವು ಸತ್ತುಹೋಗುವ ಕಾಲ ಅದು. ಆದರೆ ಆರು ಸಲ ತಿಂದವರಲ್ಲೂ ಅನೇಕರ ತೂಕ ಏರುವುದಿಲ್ಲ. ಆರು ಸಲವೂ ನೀರುನೀರು ಸೂಪು, ತೆಳು ಗಂಜಿ, ಒಂದೆರಡು ಬಿಸ್ಕತ್ತು ಅಷ್ಟೇ ಆದರೆ ಒಟ್ಟು ಲೆಕ್ಕ ಮೊದಲಿನಷ್ಟೇ ಉಳಿಯುತ್ತದೆ. ಎಷ್ಟು ಸಲ ತಿಂದರು ಅನ್ನುವುದಕ್ಕಿಂತ ಒಂದೊಂದು ಚಮಚದಲ್ಲಿ ಏನಿತ್ತು ಅನ್ನುವುದೇ ಮುಖ್ಯ. ಒಂದು ಬಟ್ಟಲು ಸೂಪಿಗೆ ಒಂದು ದೊಡ್ಡ ಚಮಚ ಎಣ್ಣೆ ಬೆರೆಸಿದರೆ 120 ಕ್ಯಾಲೊರಿ ಸೇರುತ್ತದೆ, ಬಟ್ಟಲು ದೊಡ್ಡದಾಗುವುದಿಲ್ಲ. ಎರಡು ದೊಡ್ಡ ಚಮಚ ಹಾಲಿನ ಪುಡಿ ಕದಡಿದರೆ ಐದು ಗ್ರಾಂ ಪ್ರೋಟೀನ್. ಒಂದು ಮೊಟ್ಟೆ ಒಡೆದು ಕುದಿಯುವ ಸೂಪಿಗೆ ಸುರಿದು, ಪೂರ್ತಿ ಬೇಯುವವರೆಗೆ ತಿರುವಿದರೆ ಆರು ಗ್ರಾಂ. ಎಣ್ಣೆಯನ್ನು ಒಂದು ಚಿಕ್ಕ ಚಮಚದಿಂದ ಶುರು ಮಾಡಿ ಮೂರು ನಾಲ್ಕು ದಿನಕ್ಕೊಮ್ಮೆ ಏರಿಸಬೇಕು. ಒಮ್ಮೆಲೇ ಹೆಚ್ಚಿಸಿದರೆ ಜಠರ ಖಾಲಿಯಾಗುವುದು ತಡವಾಗಿ, ಮುಂದಿನ ಹೊತ್ತಿನ ಹಸಿವನ್ನೇ ಅದು ನುಂಗಿಬಿಡುತ್ತದೆ.

ಹಸಿವು ಮರಳಿದ ಮೇಲೆ ಮೂರು ಊಟಕ್ಕೇ ಹಿಂದಿರುಗುವುದು ವಾಸಿ. ಪ್ರತಿ ಊಟದಲ್ಲಿ 20ರಿಂದ 25 ಗ್ರಾಂ ಪ್ರೋಟೀನ್ ಒಟ್ಟಿಗೆ ಸಿಕ್ಕರೆ ಸ್ನಾಯುವಿಗೆ ಒದಗುವಂತೆ, ದಿನವಿಡೀ ಎರಡೆರಡು ಗ್ರಾಂ ಚೂರುಪಾರಾಗಿ ಸಿಕ್ಕರೆ ಒದಗುವುದಿಲ್ಲ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಲೆಕ್ಕ, ಅಂದರೆ 50 ಕಿಲೋ ಇರುವವರಿಗೆ 60ರಿಂದ 75 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಅನ್ವಯಿಸದು. ಅವರ ಅಳತೆಯನ್ನು ವೈದ್ಯರೇ ಹೇಳಬೇಕು.

ಮೂರು ಲೋಟಗಳು

ನಿಜವಾದ ಪೈಪೋಟಿ ಇರುವುದು ಇಲ್ಲಿ: ಅಂಗಡಿಯ ಸಿದ್ಧ ಪೋಷಕ ಪಾನೀಯ, ಮನೆಯಲ್ಲಿ ಗಟ್ಟಿ ಮಾಡಿದ ಹಾಲು, ಪ್ರೋಟೀನ್ ಪುಡಿ.

ಸಿದ್ಧ ಪಾನೀಯದ 200 ಮಿಲೀ ಬಾಟಲಿಯಲ್ಲಿ, ಮಿಲೀಗೆ 1.5 ಕ್ಯಾಲೊರಿ ಇರುವ ಬಗೆಯಾದರೆ, 300 ಕ್ಯಾಲೊರಿ ಇರುತ್ತದೆ. ಸಾಮಾನ್ಯ ಬಗೆಯಲ್ಲಿ ಪ್ರೋಟೀನ್ 12 ಗ್ರಾಂ ಆಸುಪಾಸು. ಇನ್ನೂ ಗಟ್ಟಿಯಾದ 125 ಮಿಲೀ ಬಾಟಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ ಅಡಗಿರುತ್ತದೆ. ಇದರ ಬಲ ಎರಡು: ವಿಟಮಿನ್, ಖನಿಜ ಲೆಕ್ಕಹಾಕಿ ಸೇರಿಸಿರುತ್ತಾರೆ, ಮತ್ತು ಅಡುಗೆಮನೆಗೆ ಹೋಗುವ ತ್ರಾಣವೇ ಇಲ್ಲದಿದ್ದಾಗ ಮುಚ್ಚಳ ತೆಗೆದರೆ ಸಾಕು. ದೌರ್ಬಲ್ಯ ಅದರ ಸಿಹಿ. ಒಂದೇ ರುಚಿಯನ್ನು ದಿನಾ ಕುಡಿದರೆ ಬಾಟಲಿ ಕಂಡರೇ ಮುಖ ತಿರುಗುತ್ತದೆ. ತಣ್ಣಗೆ ಮಾಡಿ, ರುಚಿ ಬದಲಿಸುತ್ತಾ ಕುಡಿದರೆ ಸ್ವಲ್ಪ ತಡೆಯುತ್ತದೆ. ಗಟಗಟ ಕುಡಿಯುವುದು ಇನ್ನೊಂದು ತಪ್ಪು. ಸಾಂದ್ರ ದ್ರವ ಒಮ್ಮೆಲೇ ಕರುಳಿಗೆ ಇಳಿದಾಗ ಅದು ನೀರನ್ನು ಎಳೆದುಕೊಂಡು ಹೊಟ್ಟೆನುಲಿತ, ಭೇದಿ ಆಗುತ್ತದೆ. ಒಂದು ಬಾಟಲಿಗೆ ಅರ್ಧ ಗಂಟೆ ತೆಗೆದುಕೊಳ್ಳಿ.

ಮನೆಯ ಲೋಟಕ್ಕೆ ಬೇಕಾದದ್ದು 200 ಮಿಲೀ ಕೆನೆಹಾಲು, 30 ಗ್ರಾಂ ಕೆನೆರಹಿತ ಹಾಲಿನ ಪುಡಿ, ಒಂದು ದೊಡ್ಡ ಚಮಚ ಕಡಲೆಕಾಯಿ ಬೆಣ್ಣೆ. ಸುಮಾರು 330 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಲೆಕ್ಕದಲ್ಲಿ ಇದು ಸಾಮಾನ್ಯ ಬಾಟಲಿಯನ್ನು ಮೀರಿಸುತ್ತದೆ, ಸಿಹಿ ನಮ್ಮ ಕೈಯಲ್ಲೇ ಇರುತ್ತದೆ. ಕೆಡುವುದು ಮಾಡುವ ವಿಧಾನದಲ್ಲಿ. ಪುಡಿಯನ್ನು ಬಿಸಿಹಾಲಿಗೆ ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟುಗಳು ಲೋಟದ ತಳದಲ್ಲೇ ಉಳಿಯುತ್ತವೆ, ಅಂದರೆ ಪ್ರೋಟೀನ್ ಹೊಟ್ಟೆಗಲ್ಲ, ಪಾತ್ರೆ ತೊಳೆಯುವ ನೀರಿಗೆ. ಮೊದಲು ನಾಲ್ಕು ಚಮಚ ತಣ್ಣನೆ ಹಾಲಿನಲ್ಲಿ ಪುಡಿಯನ್ನು ಪೇಸ್ಟಿನಂತೆ ಕಲಸಿ, ಆಮೇಲೆ ಉಳಿದ ಹಾಲು ಸುರಿಯಿರಿ. ಕಡಲೆಕಾಯಿ ಬೆಣ್ಣೆ ಚಮಚದಲ್ಲಿ ಕದಡಿದರೆ ಬೆರೆಯದು, ಮಿಕ್ಸಿಯೇ ಬೇಕು. ಫ್ರಿಜ್ಜಿನಲ್ಲಿ 24 ಗಂಟೆಗಿಂತ ಹೆಚ್ಚು ಇಡಬೇಡಿ. ಭೇದಿಯ ಕಾಯಿಲೆಯಿಂದ ಎದ್ದವರಿಗೆ ಕೆಲವು ವಾರ ಹಾಲಿನ ಸಕ್ಕರೆ (ಲ್ಯಾಕ್ಟೋಸ್) ಜೀರ್ಣವಾಗದೆ ಹೊಟ್ಟೆ ಉಬ್ಬಬಹುದು. ಅಂಥವರಿಗೆ ಈ ಲೋಟ ಸದ್ಯಕ್ಕೆ ಬೇಡ. ಅನೇಕ ಸಿದ್ಧ ಪಾನೀಯಗಳಲ್ಲಿ ಲ್ಯಾಕ್ಟೋಸ್ ಇರುವುದೇ ಇಲ್ಲ, ಚೀಟಿ ಓದಿ ಆರಿಸಿಕೊಳ್ಳಬಹುದು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಇನ್ನೂ ನಡೆಯುತ್ತಿದ್ದರೆ ಹಾಲಿನ ಕ್ಯಾಲ್ಸಿಯಂ ಮಾತ್ರೆಗೆ ಅಂಟಿಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತದೆ. ಎರಡರ ನಡುವೆ ಎಷ್ಟು ಗಂಟೆ ಅಂತರ ಬೇಕೆಂದು ಔಷಧಿ ಕೊಟ್ಟವರನ್ನೇ ಕೇಳಿ.

ಪ್ರೋಟೀನ್ ಪುಡಿಯ ಹೆಸರು ದೊಡ್ಡದು, ಈ ಕೆಲಸಕ್ಕೆ ಮೂರನೇ ಸ್ಥಾನ. 30 ಗ್ರಾಂ ವೇ (ಹಾಲೊಡಕಿನ ಪ್ರೋಟೀನ್) ಪುಡಿಯನ್ನು ನೀರಿನಲ್ಲಿ ಕದಡಿದರೆ 22ರಿಂದ 25 ಗ್ರಾಂ ಪ್ರೋಟೀನ್ ಸಿಗುತ್ತದೆ, ಕ್ಯಾಲೊರಿ ಮಾತ್ರ 120. ತೂಕ ಏರಬೇಕಾದರೆ ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚುವರಿ ಬೇಕು. ಅದಿಲ್ಲದಿದ್ದರೆ ತಿಂದ ಪ್ರೋಟೀನನ್ನೂ ಮೈ ಉರಿಸಿಕೊಳ್ಳುತ್ತದೆ. ಮೇಲಾಗಿ ಪ್ರೋಟೀನ್ ಹೊಟ್ಟೆ ತುಂಬಿದಂತೆ ಮಾಡುವುದರಲ್ಲಿ ಎತ್ತಿದ ಕೈ. ಊಟಕ್ಕೆ ಅರ್ಧ ಗಂಟೆ ಮುಂಚೆ ಕುಡಿದರೆ ಊಟ ಅರ್ಧಕ್ಕೇ ನಿಲ್ಲುತ್ತದೆ. ಊಟ ಚೆನ್ನಾಗಿ ಸೇರುತ್ತಿದ್ದು, ವ್ಯಾಯಾಮವೂ ನಡೆಯುತ್ತಿದ್ದು, ಪ್ರೋಟೀನ್ ಲೆಕ್ಕ ಮಾತ್ರ ಕಮ್ಮಿ ಬೀಳುವವರಿಗೆ ಇದು ಸರಿ.

ನನ್ನ ತೀರ್ಪು: ಹಸಿವೇ ಇಲ್ಲದ ಮೊದಲ ದಿನಗಳಿಗೆ ಸಿದ್ಧ ಬಾಟಲಿ, ಕೈಕಾಲು ಆಡತೊಡಗಿದ ಮೇಲೆ ಮನೆಯ ಲೋಟ. ಯಾವುದಾದರೂ ಸರಿ, ದಿನಕ್ಕೆ ಎರಡು, ಊಟದ ನಂತರ ಅಥವಾ ಎರಡು ಊಟಗಳ ನಡುವೆ. ರಾತ್ರಿ ಮಲಗುವ ಮುಂಚಿನ ಲೋಟ ಎಲ್ಲಕ್ಕಿಂತ ಲಾಭದ್ದು, ಮುಂದೆ ಕೆಡಿಸಲು ಯಾವ ಊಟವೂ ಇರುವುದಿಲ್ಲವಲ್ಲ! ಸಕ್ಕರೆ ಕಾಯಿಲೆ ಇದ್ದವರು ಯಾವುದನ್ನೂ ವೈದ್ಯರನ್ನು ಕೇಳದೆ ಹಿಡಿಯಬಾರದು.

ನಡಿಗೆಯೋ, ಕುರ್ಚಿಯೋ?

‘ದಿನಾ ಸ್ವಲ್ಪ ನಡೀರಿ’ ಅನ್ನುವ ಸಲಹೆ ಎಲ್ಲರ ಬಾಯಲ್ಲೂ ಬರುತ್ತದೆ. ನಡಿಗೆಯಿಂದ ಉಸಿರು ಸುಧಾರಿಸುತ್ತದೆ, ಮಲಬದ್ಧತೆ ಸಡಿಲುತ್ತದೆ, ಮನಸ್ಸೂ ಹಗುರಾಗುತ್ತದೆ. ಆದರೆ ಸಮತಟ್ಟಿನಲ್ಲಿ ನಡೆದಾಗ ತೊಡೆಯ ಮುಂಭಾಗಕ್ಕೆ ಬೀಳುವ ಭಾರ ಬಹಳ ಕಡಿಮೆ. ವಾರಗಟ್ಟಲೆ ನಡೆದೂ ಕೈ ಊರದೆ ಏಳಲಾಗದವರು ಇರುವುದು ಇದಕ್ಕೇ.

ಕುರ್ಚಿಯಿಂದ ಏಳುವ ಅಭ್ಯಾಸ ಆ ಕೊರತೆಯನ್ನು ನೇರವಾಗಿ ತುಂಬುತ್ತದೆ. ಚಕ್ರವಿಲ್ಲದ ಗಟ್ಟಿ ಕುರ್ಚಿ ಗೋಡೆಗೆ ಒರಗಿರಲಿ. ಎತ್ತರ ಸುಮಾರು 45 ಸೆಂಟಿಮೀಟರ್, ಏಳಲಾಗದಿದ್ದರೆ ಒಂದು ಗಟ್ಟಿ ದಿಂಬು ಹಾಕಿಕೊಳ್ಳಿ. ಮುಂದಕ್ಕೆ ಜರುಗಿ ಕುಳಿತು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ತನ್ನಿ. ಪಾದ ಮುಂದಿದ್ದರೆ ಎಷ್ಟು ಬಲ ಹಾಕಿದರೂ ಏಳಲಾಗದು, ಬಹುತೇಕರು ಎಡವುವುದು ಇಲ್ಲೇ. ಎದೆಯನ್ನು ಮುಂದಕ್ಕೆ ಬಾಗಿಸಿ, ಉಸಿರು ಬಿಡುತ್ತಾ ಎದ್ದು, ಮೂರು ಎಣಿಸುತ್ತಾ ನಿಧಾನ ಕೂರಿ. ದೊಪ್ಪೆಂದು ಕುಳಿತರೆ ಅರ್ಧ ಕೆಲಸ ವ್ಯರ್ಥ, ಇಳಿಯುವಾಗಲೂ ತೊಡೆ ದುಡಿಯಬೇಕು. ಐದು ಸಲ ಮಾಡಿ ಎರಡು ನಿಮಿಷ ವಿರಾಮ, ಹೀಗೆ ಎರಡು ಸುತ್ತು, ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಇನ್ನೂ ಎರಡು ಮೂರು ಸಲ ಏಳಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಮೊದಲು ಕೈ ಊರಿ, ಆಮೇಲೆ ಕೈ ಬಿಟ್ಟು, ಆಮೇಲೆ ದಿಂಬು ತೆಗೆದು, ಕೊನೆಗೆ ಒಂದು ಲೀಟರ್ ನೀರಿನ ಬಾಟಲಿ ಎದೆಗೆ ಅವಚಿಕೊಂಡು. ಎದ್ದಾಗ ತಲೆ ಸುತ್ತಿದರೆ ಕುಳಿತು ಬಿಡಿ, ಅಂದಿಗೆ ಮುಂದುವರಿಸಬೇಡಿ.

ಎರಡಕ್ಕೂ ಒಂದೇ ಲಗಾಮು: ಮರುದಿನ, ಅದರ ಮರುದಿನ ಹೇಗಿದ್ದೀರಿ ಎಂಬುದು. ವೈರಸ್ ಕಾಯಿಲೆಗಳ ನಂತರ ಕೆಲವರಿಗೆ ಶ್ರಮ ಪಟ್ಟ ಒಂದೆರಡು ದಿನದ ಮೇಲೆ ಮೈಯೆಲ್ಲ ಕುಸಿಯುತ್ತದೆ. ಹಾಗಾದರೆ ‘ಇನ್ನಷ್ಟು ಹಟ ಹಿಡಿದರೆ ಸರಿಹೋದೀತು’ ಅನ್ನುವುದು ತಪ್ಪು. ಕುಸಿತ ಬಾರದ ಮಟ್ಟಕ್ಕೆ ಇಳಿಸಿ ವೈದ್ಯರಿಗೆ ತಿಳಿಸಿ.

ತಕ್ಕಡಿಯೋ, ಗಡಿಯಾರವೋ?

ತಕ್ಕಡಿ ಬೇಗ ಮೋಸ ಮಾಡುತ್ತದೆ. ಊಟ ಮರಳಿದ ಮೊದಲ ವಾರ ಏರುವುದರಲ್ಲಿ ಬಹುಪಾಲು ಗ್ಲೈಕೋಜನ್ನೂ (ಮೈ ಕೂಡಿಡುವ ಪಿಷ್ಟ) ಅದರ ಜತೆ ನಿಲ್ಲುವ ನೀರೂ ಇರುತ್ತದೆ. ವಾರಕ್ಕೊಮ್ಮೆ ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ತೂಗಿದರೆ ಸಾಕು. ಕಾಲು ಕಿಲೋದಿಂದ ಅರ್ಧ ಕಿಲೋ ಏರಿದರೆ ಸರಿಯಾದ ದಾರಿ. ಎರಡೇ ದಿನದಲ್ಲಿ ಎರಡು ಕಿಲೋ ಏರಿ ಕಾಲು ಊದಿದ್ದರೆ ಅದು ನೀರು, ತಡಮಾಡದೆ ತೋರಿಸಬೇಕು. ಕಸುವಿಗೆ ಗಡಿಯಾರವೇ ಮೇಲು: ಕೈಕಟ್ಟಿಕೊಂಡು ಐದು ಸಲ ಕುಳಿತೇಳಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲುಗಳು ಇನ್ನೂ ದುರ್ಬಲ. ಲೆಕ್ಕದ ಪ್ರಕಾರ ತಿಂದೂ ಮೂರು ವಾರ ತೂಕ ಅಲ್ಲೇ ನಿಂತಿದ್ದರೆ ಪುಡಿ ಬದಲಿಸುತ್ತಾ ಕೂರಬೇಡಿ. ಥೈರಾಯ್ಡ್, ರಕ್ತದ ಸಕ್ಕರೆ, ಕರುಳಿನ ಹೀರಿಕೆ, ಅಡಗಿ ಕೂತ ಸೋಂಕು, ಇವನ್ನು ಪರೀಕ್ಷೆ ಮಾಡಿಸಿ.