ಆನ್‌ಲೈನಿನ ಪ್ಲೈವುಡ್ ಚೆಲ್ಲೋ: ಕಾಸರಗೋಡಿನ ಮಳೆಗೆ ತಡೆದೀತೇ?

ಚೆಲ್ಲೋ ಎಂದರೆ ಕುರ್ಚಿಯಲ್ಲಿ ಕೂತು, ಮೊಣಕಾಲುಗಳ ನಡುವೆ ಇಟ್ಟು ಕಮಾನಿನಲ್ಲಿ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ. ಚೀಲ, ಕಮಾನು, ರೋಸಿನ್ (ಕಮಾನಿನ ಕೂದಲಿಗೆ ಉಜ್ಜುವ ರಾಳ) ಎಲ್ಲ ಸೇರಿ ಆನ್‌ಲೈನಿನಲ್ಲಿ 30–40 ಸಾವಿರ ರೂಪಾಯಿಗೆ ಬರುವ ಪ್ಲೈವುಡ್ ಚೆಲ್ಲೋ ಎಂದರೆ ಪಾಶ್ಚಾತ್ಯ ಸಂಗೀತ ಬಲ್ಲವರು ಮೂಗು ಮುರಿಯುತ್ತಾರೆ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯವರು ಆ ಮಾತಿಗೆ ಕಿವಿಗೊಡಬೇಕಿಲ್ಲ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಊರಲ್ಲಿ ಕಲಿಕೆಯ ಮೊದಲ ಎರಡು ಮೂರು ವರ್ಷಕ್ಕೆ ಇದೇ ಸರಿ. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ನುಡಿಸುವಂತಿಲ್ಲ.

ಒಳ್ಳೆಯ ಚೆಲ್ಲೋದ ಮೇಲ್ಹಲಗೆ ಸ್ಪ್ರೂಸ್, ಬೆನ್ನು ಮೇಪಲ್, ಅಂಟು ಪ್ರಾಣಿಚರ್ಮದ್ದು. ತೇವಕ್ಕೆ ಆ ಅಂಟು ಸಡಿಲಿ ಅಂಚು ಬಾಯಿ ಬಿಡುತ್ತದೆ. ಮರ ಸೀಳುವ ಬದಲು ಬೆಸುಗೆ ಬಿಡಲಿ ಎಂದೇ ಹಾಗೆ ಮಾಡಿರುತ್ತಾರೆ, ಬಿಟ್ಟರೆ ಮತ್ತೆ ಅಂಟಿಸಬಹುದು. ಅಗ್ಗದ ಗಟ್ಟಿಮರದ (ಪ್ಲೈವುಡ್ ಅಲ್ಲದ, ಇಡೀ ಮರದ) ಚೆಲ್ಲೋಗಳಲ್ಲಿ ಮರ ಸರಿಯಾಗಿ ಒಣಗಿರುವುದೇ ಕಡಿಮೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಉಬ್ಬಿ, ಫೆಬ್ರವರಿಯಲ್ಲಿ ಕುಗ್ಗಿ ಬಿರುಕು ಬಿಟ್ಟರೆ ರಿಪೇರಿಯ ಖರ್ಚೇ ವಾದ್ಯದ ಬೆಲೆ ಮುಟ್ಟುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳ ಎಳೆ ಅಡ್ಡಡ್ಡ ಇರುವುದರಿಂದ ಮರ ಅಷ್ಟು ಅಲುಗುವುದಿಲ್ಲ. ಅದಕ್ಕೆ ತೆರುವ ಬೆಲೆ ನಾದ: ಮಂದ್ರದ ಸಿ ತಂತಿ ಮಂಕು, ಎಲ್ಲಕ್ಕಿಂತ ಮೇಲಿನ ಶ್ರುತಿಯ ಎ ತಂತಿ ಕೀರಲು.

ಪಾರ್ಸೆಲ್ ಬಂದ ಕೂಡಲೇ ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟಿ. ಎಲ್ಲಾದರೂ ಜರ್ರೆಂದರೆ ಅಲ್ಲಿ ಬೆಸುಗೆ ಬಿಟ್ಟಿದೆ, ವಾಪಸು ಕಳಿಸಿ. ಆಮೇಲೆ ಎಫ್ ಆಕಾರದ ತೂತಿನಲ್ಲಿ ಟಾರ್ಚ್ ಹಾಕಿ ಸೌಂಡ್ ಪೋಸ್ಟ್ ನಿಂತಿದೆಯೇ ನೋಡಿ. ಕುದುರೆ ಎಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ಬ್ರಿಡ್ಜ್; ಅದರ ಎ ತಂತಿಯ ಕಡೆಯ ಕಾಲಿನ ಸ್ವಲ್ಪ ಹಿಂದೆ, ವಾದ್ಯದ ಒಳಗೆ ನಿಲ್ಲಬೇಕಾದ, ಸುಮಾರು 11 ಮಿ.ಮೀ. ದಪ್ಪದ ಕಡ್ಡಿ ಅದು. ಬಿದ್ದಿದ್ದರೆ ತಂತಿ ಬಿಗಿಯಲೇಬೇಡಿ, ಮೇಲ್ಹಲಗೆ ಕುಸಿದೀತು. ಪಿಟೀಲು ರಿಪೇರಿಯವರು ನಿಲ್ಲಿಸಿಕೊಡಬಲ್ಲರು, ಆದರೆ ಪಿಟೀಲಿನ ಪೋಸ್ಟ್ ನಿಲ್ಲಿಸುವ ಸಲಾಕೆ ಇದಕ್ಕೆ ಗಿಡ್ಡವಾಗುತ್ತದೆ. ಚೆಲ್ಲೋದ ಸಲಾಕೆ ಉಂಟೇ ಎಂದು ಮೊದಲೇ ಫೋನು ಮಾಡಿ ಕೇಳಿ.

ಹೆಚ್ಚಿನ ಸೆಟ್‌ಗಳು ಸೋಲುವುದು ಕುದುರೆಯಲ್ಲಿ. ಕಾಲು ಹಲಗೆಗೆ ಕೂರುವ ಹಾಗೆ ಕೆತ್ತಿರುವುದಿಲ್ಲ, ಎತ್ತರವೂ ವಿಪರೀತ. ಸ್ಟೀಲ್ ತಂತಿಗಾದರೆ ಫಿಂಗರ್‌ಬೋರ್ಡಿನ (ಬೆರಳೊತ್ತುವ ಪಟ್ಟಿಯ) ತುದಿಯಲ್ಲಿ ಎ ತಂತಿ ಸುಮಾರು 5 ಮಿ.ಮೀ., ಸಿ ತಂತಿ 8 ಮಿ.ಮೀ. ಮೇಲಿದ್ದರೆ ಸಾಕು. ಬರುವಾಗ ಇದು 10 ದಾಟಿರುವುದೂ ಉಂಟು, ಮಗು ಒಂದು ವಾರದಲ್ಲಿ ಬೆರಳು ನೋವೆಂದು ಬಿಟ್ಟುಬಿಡುವುದು ಅದಕ್ಕೇ. ಬಿರಡೆಯ ಕಡೆ ತಂತಿ ಕೂರುವ ಗೀರುಪಟ್ಟಿಯಲ್ಲಿ, ಅಂದರೆ ನಟ್ಟಿನಲ್ಲಿ, ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಸಾಕು. ಈ ಎರಡು ಅಳತೆ ಚೀಟಿಯಲ್ಲಿ ಬರೆದು ರಿಪೇರಿಯವರ ಕೈಗೆ ಕೊಡಿ. ಶ್ರುತಿ ಏರಿಸಿದಂತೆ ಕುದುರೆ ಫಿಂಗರ್‌ಬೋರ್ಡಿನ ಕಡೆಗೆ ವಾಲುತ್ತದೆ. ಟೇಲ್‌ಪೀಸ್ (ತಂತಿಗಳ ಕೆಳತುದಿ ಕಟ್ಟಿದ ತುಂಡು) ಕಡೆಯ ಮುಖ ನೆಟ್ಟಗಿರುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಸರಿಸುತ್ತಿರಿ. ತಂತಿ ಬದಲಿಸುವಾಗ ಒಂದೊಂದಾಗಿಯೇ, ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಪೋಸ್ಟ್ ಉರುಳೀತು.

ಫಿಂಗರ್‌ಬೋರ್ಡ್ ಎಬೊನಿ (ಗಟ್ಟಿಯಾದ ಕರಿಮರ) ಎಂದು ಜಾಹೀರಾತಿನಲ್ಲಿದ್ದರೂ ನಂಬಬೇಡಿ. ಅಭ್ಯಾಸ ಮುಗಿದಾಗ ಬೆವರಿದ ಬೆರಳ ತುದಿಗೆ ಕಪ್ಪು ಹತ್ತಿದರೆ ಅದು ಬಣ್ಣ ಬಳಿದ ಮರ.

ಸೆಟ್ಟಿನ ಕಮಾನು ಬಹುತೇಕ ದಂಡ. ಮಳೆಗಾಲದಲ್ಲಿ ಕೂದಲು ಉದ್ದವಾಗಿ ತಿರುಪು ಮುಗಿದರೂ ಬಿಗಿಯಾಗುವುದಿಲ್ಲ, ಬೇಸಿಗೆಯಲ್ಲಿ ಬಿಗಿಯಾಗೇ ಬಿಟ್ಟರೆ ತಲೆ ಮುರಿಯುತ್ತದೆ. ಮೊದಲ ಹೆಚ್ಚುವರಿ ಖರ್ಚು ಕಾರ್ಬನ್ ಫೈಬರ್ ಕಮಾನಿಗಿರಲಿ. ನುಡಿಸಿದ ಮೇಲೆ ಪ್ರತಿ ಸಲ ಸಡಿಲಿಸಿ. ನಮ್ಮ ಹವೆಗೆ ತಿಳಿಬಣ್ಣದ ಗಟ್ಟಿ ರೋಸಿನ್ ಹಿಡಿಸುತ್ತದೆ, ಕಪ್ಪು ರೋಸಿನ್ ಸೆಕೆಗೆ ಅಂಟಂಟು. ಎರಡನೆಯ ಖರ್ಚು ಎ ಮತ್ತು ಡಿ ತಂತಿಗೆ. ಯಾರ್ಗರ್ (Jargar) ಕಂಪನಿಯ ತಂತಿ ಹಾಕಿದರೆ ಕೀರಲು ಗಣನೀಯವಾಗಿ ಇಳಿಯುತ್ತದೆ.

ನುಣುಪು ಕಾವಿ ನೆಲದಲ್ಲಿ, ಟೈಲ್ಸಿನಲ್ಲಿ ಎಂಡ್‌ಪಿನ್ನಿನ (ಚೆಲ್ಲೋದ ಅಡಿಯಿಂದ ನೆಲಕ್ಕೂರುವ ಸರಳಿನ) ರಬ್ಬರ್ ನಿಲ್ಲುವುದೇ ಇಲ್ಲ. ಅದು ಜಾರದಂತೆ ಕುರ್ಚಿಯ ಕಾಲಿಗೆ ಕಟ್ಟುವ ಪಟ್ಟಿ ಬೇಕೇ ಬೇಕು. ವಾದ್ಯವನ್ನು ಹೊರಗೋಡೆಗೆ ಒರಗಿಸಬೇಡಿ, ಮುಚ್ಚಿದ ಚೀಲದಲ್ಲಿ ವಾರಗಟ್ಟಲೆ ಬಿಡಬೇಡಿ, ಒಳಗೆ ಬೂಸ್ಟು ಹಿಡಿಯುತ್ತದೆ. ಉಬ್ಬಿ ಕಚ್ಚಿಕೊಂಡ ಬಿರಡೆಗೆ ಇಕ್ಕಳ ಹಾಕದೆ ಪೆಗ್ ಪೇಸ್ಟ್ ಹಚ್ಚಿ.

ಇಷ್ಟೆಲ್ಲ ಮಾಡಿದ ಪ್ಲೈವುಡ್ ಚೆಲ್ಲೋ ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿಗಳಾದ ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿಯ 4–5ನೇ ಗ್ರೇಡಿನವರೆಗೆ ಎಳೆಯುತ್ತದೆ. ಅಲ್ಲಿಂದಾಚೆ ಹೆಬ್ಬೆರಳನ್ನೇ ತಂತಿಯ ಮೇಲಿಟ್ಟು ಮೇಲಿನ ಸ್ಥಾಯಿಯಲ್ಲಿ ನುಡಿಸಬೇಕು, ಆಗ ಈ ಪೆಟ್ಟಿಗೆ ಸ್ವರವನ್ನು ನುಂಗುತ್ತದೆ. ಚೆಲ್ಲೋವನ್ನೇ ವೃತ್ತಿ ಮಾಡುವವರು ಆಡಿಷನ್ನಿನಲ್ಲಿ ಬಾಖ್‌ನ ಸೂಟ್, ಹೈಡನ್ನಿನ ಕನ್ಸರ್ಟೊದಂಥ ಕೃತಿಗಳನ್ನು ನುಡಿಸಬೇಕಾಗುತ್ತದೆ. 2006ರಲ್ಲಿ ಮುಂಬಯಿಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದಂಥ ತಂಡದತ್ತ ಕಣ್ಣಿದ್ದವರು ಇದರಲ್ಲಿ ತಯಾರಿ ನಡೆಸಲಾರರು. ಆಗ ಗಟ್ಟಿಮರದ್ದನ್ನೇ ಕೊಳ್ಳಿ. ಜತೆಗೆ ಕೋಣೆಗೊಂದು ಡಿಹ್ಯುಮಿಡಿಫೈಯರ್, ತೇವ 60 ಶೇಕಡಾ ಮೀರದ ಹಾಗೆ. ಕಾರ್ಬನ್ ಕಮಾನು ಹೇಗೂ ಮುಂದಿನ ವಾದ್ಯಕ್ಕೂ ಆಗುತ್ತದೆ.